ಸತ್ತಂತೆ ಬಿದ್ದ ವೈರಸ್ಸು

ಬನ್ರೋ ಮಕ್ಕಳೇ, ಕಾಲು ಮಡಚಿ ಕೂತ್ಕೊಂಡು ಕೇಳಿ. ಒಬ್ಬ ಮನುಷ್ಯನ ನೆತ್ತರಲ್ಲಿ ಚೊಕ್ಕಮ್ಮ ಅನ್ನೋ ಜೀವಕೋಶ ಇದ್ದಳು. ಸತ್ತ ಕೋಶಗಳ ಚೂರನ್ನೆಲ್ಲ ನುಂಗಿ ಬೀದಿ ಚೊಕ್ಕಟವಾಗಿ ಇಡೋದು ಅವಳ ಕೆಲಸ. ಆ ಕೆಲಸದ ಮೇಲೆ ಅವಳಿಗೆ ಬಲು ಜಂಬ.

ಒಂದು ದಿನ ರಕ್ತಸ್ರಾವದ ಜ್ವರ ತರೋ ವೈರಸ್ಸು ಸತ್ತ ಕೋಶದ ಸಿಪ್ಪೆ ಹೊದ್ದು ಅವಳ ಬಾಗಿಲಲ್ಲಿ ಅಂಗಾತ ಬಿತ್ತು. "ಸತ್ತಿದ್ದೀನಿ ತಾಯೀ, ಬೇಗ ಎತ್ತಿ ಬಾಯಿಗೆ ಹಾಕ್ಕೋ!" ಅಂತು.

ಪಕ್ಕದ ಮನೆ ಕೋಶ ಸಣ್ಣೀರಮ್ಮ ಇಣುಕಿದಳು. "ಚೊಕ್ಕಕ್ಕಾ, ಸತ್ತೋರು ಎಲ್ಲಾದ್ರೂ ಮಾತಾಡ್ತಾರಾ?"

"ನನಗೇ ಕೆಲಸ ಹೇಳಿಕೊಡ್ತೀಯಾ? ನಿನ್ನ ಹೊಸಿಲು ನೋಡ್ಕೋ ಹೋಗೇ!" ಅಂತ ಬೈದು, ಚೊಕ್ಕಮ್ಮ ಅದನ್ನು ಗುಳುಂ ಮಾಡಿದಳು.

ಹೊಟ್ಟೆಯೊಳಗೆ ವೈರಸ್ಸು ಎದ್ದು ಕೂತು ಅವಳ ಅಡುಗೆಮನೆಯನ್ನೇ ಹಿಡೀತು. "ನಿನ್ನಡುಗೆ ಸಾಕು. ಇನ್ನು ನನ್ನಂಥ ಮರಿಗಳನ್ನೇ ಬೇಯಿಸು!"

ಚೊಕ್ಕಮ್ಮನ ಜಂಬ ಇಳೀತು. "ಸಣ್ಣೀರೀ, ನಾನು ಕೆಟ್ಟೆ ಕಣೇ! ಬಾಗಿಲು ಹಾಕ್ಕೋ!" ಅಂತ ಕೂಗಿದಳು. ಸಣ್ಣೀರಮ್ಮ ಅಗುಳಿ ಜಡಿದು ಬೀದಿಗೆಲ್ಲ ಸಾರಿದಳು.

ಹೊಟ್ಟೆ ತುಂಬ ಮರಿಗಳಾಗಿ ಚೊಕ್ಕಮ್ಮ ಒಡೆದುಹೋದಳು, ಪಾಪ. ಮರಿಗಳು ಅವಳ ಸೀರೆ ಹರಿದು ಸುತ್ತಿಕೊಂಡು ಮನೆಮನೆ ತಟ್ಟಿದವು, ಒಳಗೆ ಬಿಡೋರಿಲ್ಲದೆ ಬೀದೀಲೇ ಸೊರಗಿ ಸತ್ತವು. ಜ್ವರ ಬಂದು ಮಲಗಿದ್ದ ಆ ಮನುಷ್ಯ ಎದ್ದು ಕೂತು ಗಂಜಿ ಕುಡಿದ. ಸಣ್ಣೀರಮ್ಮ ಮಾತ್ರ, ಈಗ ಯಾರೇ ಸತ್ತರೂ ಮೊದಲು ಚಿವುಟಿ ನೋಡ್ತಾಳೆ.