ಸಾಹುಕಾರರ ಮಧ್ಯಾಹ್ನದ ನಿದ್ದೆ

ಮಧ್ಯಾಹ್ನವಾದರೆ ಗೋಡೆಗೂ ಜೊಂಪು ಹತ್ತುವಂಥ ಊದುಬತ್ತಿ ಕಾರ್ಖಾನೆ ಅದು. ಅಲ್ಲಿನ ಕಂಪ್ಯೂಟರಿನ ಪಾಸ್‌ವರ್ಡು ಎಷ್ಟು ಸಲ ಬದಲಿಸಿದರೂ ಬತ್ತಿ ಹೊಸೆಯುವ ಹೆಂಗಸರಿಗೆಲ್ಲ ಗೊತ್ತಾಗಿಬಿಡುತ್ತಿತ್ತು.

"ಭದ್ರತೆ ಮೇಲಿನ ಮಟ್ಟಕ್ಕೇರಿಸು. ಉದ್ದದ್ದು ಇಡು. ಇನ್ನೊಮ್ಮೆ ಹೊರಬಿತ್ತೋ, ನಿನ್ನ ಕೆಲಸ ಹೋಯ್ತು," ಅಂದರು ಸಾಹುಕಾರ ಮರಿಬಸಪ್ಪ, ಗುಮಾಸ್ತೆ ಇಂದ್ರಾಣಿಗೆ.

ಇಂದ್ರಾಣಿ 'ಎಲ್ಲರೂ ಈಗಲೇ ಮನೆಗೆ ಹೋಗಿ' ಅಂತ ಇಟ್ಟಳು. ಸಾಹುಕಾರರು ಅದನ್ನೇ ಬಾಯಿಪಾಠ ಮಾಡುತ್ತ, ಗಂಧದ ಘಮಲಿನಲ್ಲಿ ತೇಲುತ್ತ ಕಣ್ಣು ಮುಚ್ಚಿದರು.

ಎದ್ದಾಗ ಕಾರ್ಖಾನೆ ಖಾಲಿ, ಇಂದ್ರಾಣಿ ಒಬ್ಬಳೇ ಉಳಿದಿದ್ದಳು.

"ಎಲ್ಲಿ ಹೋದರೇ ಇವರೆಲ್ಲ?"

"ನೀವೇ ಕಳಿಸಿದಿರಲ್ಲ ಯಜಮಾನ್ರೇ, ನಿದ್ದೆಯಲ್ಲಿ. ದಿನಾ ಪಾಸ್‌ವರ್ಡು ಕನವರಿಸ್ತೀರಿ, ಅವರು ಕೇಳಿಸ್ಕೋತಾರೆ."

ಸಾಹುಕಾರರು ಮೆಲ್ಲಗೆ ದಿಂಬು ಸರಿಮಾಡಿಕೊಂಡರು.

"ಹೊಸದು ಇಡು ತಾಯಿ. ನನಗೆ ಮಾತ್ರ ಹೇಳಬೇಡ."