ಇನ್ನೂ ಮೇಲೇಳದ ಅಜ್ಜಿಯ ಬಿಸಿನೀರು

ಹಿಂದೆ ಒಮ್ಮೆ, ಕೊಯ್ಲು ಮುಗಿದು ಬೆಟ್ಟದ ಮೇಪಲ್ ಮರಗಳು ಕೆಂಪಾಗಿದ್ದ ಕಾಲದಲ್ಲಿ, ಇಸೊಬೆ ಎಂಬ ಅಧಿಕಾರಿ ಇಬ್ಬರು ಆಳುಗಳಿಂದ ಒಂದು ಫಲಕ ಹೊರಿಸಿಕೊಂಡು ಈ ಕಣಿವೆಗೆ ಬಂದ. ಬಿಸಿನೀರಿನ ಕೊಳದ ಬಾಗಿಲ ಪಕ್ಕದಲ್ಲಿ ಅದನ್ನು ನೆಡಿಸಿದ. ಈಗ ನೀರಿನಲ್ಲಿರುವವರೆಲ್ಲ ಎದ್ದ ಮೇಲೆ ಬಾಗಿಲು ಮುಚ್ಚತಕ್ಕದ್ದು, ಮುಂದೆ ಈ ನೀರು ದೊರೆಯೊಬ್ಬರಿಗೇ ಸಲ್ಲತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಇದು ಜಪಾನಿನ ಉತ್ತರದ ಬೆಟ್ಟಸೀಮೆ. ಚಳಿ ಬೇಗ ಬರುತ್ತದೆ. ಗದ್ದೆಯ ಕೆಲಸ ಮುಗಿಸಿದವರು ಅಕ್ಕಿ, ಉಪ್ಪು ಹಾಕಿದ ಮೂಲಂಗಿ ಕಟ್ಟಿಕೊಂಡು ಬೆಟ್ಟ ಹತ್ತಿ ಬಂದು ಏಳು ದಿನ ಇಲ್ಲಿ ಉಳಿಯುತ್ತಿದ್ದರು. ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು, ದಿನಕ್ಕೆ ಮೂರು ಸಲ ನೀರಿಗಿಳಿಯುತ್ತಿದ್ದರು. ವರ್ಷದ ನೋವು ಏಳು ದಿನದಲ್ಲಿ ಇಳಿಯುತ್ತಿತ್ತು. ಅವರಿಗೆ ಬೇರೆ ವೈದ್ಯರಿರಲಿಲ್ಲ.

ನೀರಿನಲ್ಲಿರುವವರು ಎದ್ದ ಮೇಲೆ ಎಂಬ ಮಾತನ್ನು ದೊರೆ ಸುಮ್ಮನೆ ಬರೆಸಿದ್ದಲ್ಲ. ಸೀಮೆಯ ಕಟ್ಟಳೆಯೇ ಹಾಗಿತ್ತು. ನೀರಿಗಿಳಿದವರು ಬೆಟ್ಟದ ದೇವತೆಯ ಅತಿಥಿಗಳು. ಅವರನ್ನು ಎಬ್ಬಿಸುವಂತಿಲ್ಲ, ಮನೆಗೆ ಬೆಂಕಿ ಬಿದ್ದರೂ ದಡದಲ್ಲಿ ಕಾಯಬೇಕು. ಬಟ್ಟೆ ಬಿಚ್ಚಿದವರು ಅದನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಬಾಗಿಲ ಒಳಗಿನ ಗೋಡೆಗೂಡಿನಲ್ಲಿ ಇಡುತ್ತಿದ್ದರು. ಬುಟ್ಟಿಯಲ್ಲಿ ಬಟ್ಟೆಯಿದ್ದರೆ ಅದರ ಒಡೆಯರು ನೀರಿನಲ್ಲಿದ್ದಾರೆ ಎಂದು ಅರ್ಥ. ಇನ್ನೊಬ್ಬರ ಬುಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಟ್ಟೆ ತೊಟ್ಟವರು ಕೊಳದ ಬಳಿಗೆ ಹೋಗುವಂತೆಯೂ ಇರಲಿಲ್ಲ. ದೊರೆಗೂ ಇದನ್ನು ಮೀರುವ ಧೈರ್ಯವಿರಲಿಲ್ಲ. ಅರ್ಧ ದಿನ ಕಾದರೆ ಮುಗಿಯಿತು ಎಂದು ಎಣಿಸಿರಬೇಕು.

ಫಲಕ ನೆಟ್ಟಾಗ ಗೂಡಿನಲ್ಲಿ ನಾಲ್ಕು ಬುಟ್ಟಿಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಮೂರು ಖಾಲಿಯಾದವು. ನಾಲ್ಕನೆಯದರಲ್ಲಿ ಮೊಣಕೈಗೆ ತೇಪೆ ಹಾಕಿದ ಒಂದು ನೀಲಿ ಅಂಗಿಯಿತ್ತು. ಅದು ತೊಕು ಎಂಬ ಮುದುಕಿಯದು. ಗುಡ್ಡದಾಚೆಯ ಊರಿನಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆದು ಬದುಕುವವಳು. ವರ್ಷವೆಲ್ಲ ದುಡಿದ ಬೆರಳುಗಳು ಕೊಯ್ಲಿನ ಹೊತ್ತಿಗೆ ಹಕ್ಕಿಯ ಕಾಲಿನಂತೆ ಮಡಚಿಕೊಳ್ಳುತ್ತಿದ್ದವು. ಏಳು ದಿನ ಈ ನೀರಿನಲ್ಲಿ ಕೂತರೆ ಬಿಚ್ಚಿಕೊಳ್ಳುತ್ತಿದ್ದವು. ಬಿಚ್ಚದಿದ್ದರೆ ಚಳಿಗಾಲದಲ್ಲಿ ನೂಲಿಲ್ಲ, ನೂಲಿಲ್ಲದಿದ್ದರೆ ಅಕ್ಕಿಯಿಲ್ಲ. ಅಂದು ಅವಳಿಗೆ ಮೊದಲನೆಯ ದಿನ.

ಫಲಕದಲ್ಲಿರುವುದನ್ನು ಇಸೊಬೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ಒಳಗೆ ಹಬೆ ತುಂಬಿತ್ತು. ಚಾಚಿದ ಕೈ ಕಾಣದಷ್ಟು ಹಬೆ. ಅದರೊಳಗಿನಿಂದ ದನಿ ಬಂತು.

"ನಾನು ಸ್ವಲ್ಪ ನಿಧಾನ, ಸ್ವಾಮಿ. ಬೆರಳು ಬಿಚ್ಚಿದ ಮೇಲೆ ಏಳ್ತೀನಿ."

"ಎಷ್ಟು ಹೊತ್ತಾಗುತ್ತೆ, ಅಜ್ಜಿ?"

"ಬೆರಳನ್ನೇ ಕೇಳಬೇಕು."

ಸಂಜೆಯಾಯಿತು. ಅಂಗಿ ಬುಟ್ಟಿಯಲ್ಲೇ ಇತ್ತು. ಮುದುಕಿ ಎದ್ದಳೇ ಎಂದು ಇಸೊಬೆ ಕೊಳ ಕಾಯುವ ಕಿಹೆಯಿಯನ್ನು ಕೇಳಿದ. ಇನ್ನೂ ಇಲ್ಲ ಎಂದ ಕಿಹೆಯಿ. ಮರುದಿನ ಕೇಳಿದಾಗಲೂ ಅದೇ ಮಾತು, ಅದರ ಮರುದಿನವೂ ಅದೇ. ಇಸೊಬೆ ಬಾಗಿಲೆದುರಿನ ಬಂಡೆಯ ಮೇಲೆ ಕೂತೇ ಇದ್ದ. ಟೋಪಿಯ ಮೇಲೆ ಕೆಂಪು ಎಲೆಗಳು ಬಿದ್ದು ನಿಂತವು. ಎಲೆ ಬೀಳುವ ಸದ್ದು, ನೀರು ಉಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೆಟ್ಟದ ದಾರಿಯುದ್ದಕ್ಕೂ ಅಕ್ಕಿಗಂಟು ಹೊತ್ತ ಜನ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಕಿಹೆಯಿಯ ಹೆಂಡತಿ ಓಸುಮಿ ಅಧಿಕಾರಿಗೆ ಚಹ ತಂದಿಟ್ಟಳು. ದಡದಲ್ಲಿ ಕೂತವರಿಗೆ ಮಾತ್ರ ಚಳಿ ಎಂದಳು. ಅವನು ಬಲಗೈಯನ್ನು ಎದೆಗಿಂತ ಮೇಲೆ ಎತ್ತುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಹಿಂದೆ ಯಾವಾಗಲೋ ಕುದುರೆಯಿಂದ ಬಿದ್ದು ಪೆಟ್ಟಾದ ಭುಜ. ಟೋಪಿಯ ದಾರವನ್ನು ಆಳು ಕಟ್ಟಬೇಕಿತ್ತು.

ನಾಲ್ಕನೆಯ ಬೆಳಿಗ್ಗೆ ಇಸೊಬೆ ತಾನೇ ನೋಡಿಬರುತ್ತೇನೆ ಎಂದು ಎದ್ದ. ಕಟ್ಟಳೆಯಂತೆ ಬಟ್ಟೆ ಬಿಚ್ಚಿ, ಕತ್ತಿಯನ್ನೂ ಕಳಚಿ, ತೊಕುವಿನ ಬುಟ್ಟಿಯ ಪಕ್ಕದಲ್ಲಿ ತನ್ನದನ್ನಿಟ್ಟ. ಹಬೆಯೊಳಗೆ ಕಾಲಿಟ್ಟ. ಒಳಗೆ ಏನಾಯಿತೆಂಬುದನ್ನು ಅವನೇ ಮುಪ್ಪಿನಲ್ಲಿ ಹೇಳಿದನಂತೆ. ನೀರು ಎಲ್ಲಿ ಮುಗಿಯಿತು, ಮೈ ಎಲ್ಲಿ ಮೊದಲಾಯಿತು ಎಂದು ತಿಳಿಯಲಿಲ್ಲವಂತೆ. ಒಂದು ಎಲೆ ತೇಲಿ ಬಂದು ಎದೆಗೆ ತಾಗಿತು. ಯಾರೋ ಸರಿದು ಜಾಗ ಬಿಟ್ಟಂತೆ ನೀರು ಅಲುಗಿತು.

"ಭುಜದವರೆಗೂ ಮುಳುಗಪ್ಪ" ಎಂದಿತು ದನಿ. "ಅವಸರ ಬೇಡ. ನಾನೂ ಕೂತಿಲ್ಲವೇ?"

ಅವನು ಹೊರಗೆ ಬಂದಾಗ ಬಿಸಿಲು ಎದುರು ಗುಡ್ಡದ ನೆತ್ತಿಯಲ್ಲಿತ್ತು. ಬಟ್ಟೆ ತೊಟ್ಟ. ಟೋಪಿ ಇಟ್ಟುಕೊಂಡು ಎರಡೂ ಕೈ ಎತ್ತಿ ದಾರವನ್ನು ತಾನೇ ಕಟ್ಟಿಕೊಂಡ. ದಾರಿಯಲ್ಲಿ ನಿಂತವರೆಲ್ಲ ಅದನ್ನು ನೋಡಿದರು. ಮುದುಕಿ ಎದ್ದಳೇ ಎಂದು ಆಳು ಕೇಳಿದ.

"ಇನ್ನೂ ಇಲ್ಲ. ನಡೆಯಿರಿ" ಎಂದ ಇಸೊಬೆ.

ದೊರೆಯ ಮುಂದೆಯೂ ಅಷ್ಟನ್ನೇ ಹೇಳಿದ. ಮುಂದಿನ ವರ್ಷ ಕೇಳಿದಾಗಲೂ, ಆ ದೊರೆಯ ಮಗ ಕೇಳಿದಾಗಲೂ ಅದನ್ನೇ ಹೇಳಿದ. ಅಲ್ಲಿಂದ ಈ ಜಾಗಕ್ಕೆ ಮದಾನೊಯು ಎಂದು ಹೆಸರಾಯಿತು ಎನ್ನುತ್ತಾರೆ. ಇಲ್ಲಿನ ಮಾತಿನಲ್ಲಿ ಇನ್ನೂ ಇಲ್ಲ ಎಂಬ ಬಿಸಿನೀರು ಎಂದು ಅರ್ಥ.

ತೊಕು ನೀರಿನಲ್ಲೇ ಕರಗಿ ಹಬೆಯಾದಳು ಎನ್ನುವವರಿದ್ದಾರೆ. ಕೊಳದ ಹಿಂಬದಿ ಕಿಹೆಯಿಯ ಅಡುಗೆಮನೆಗೆ ತಾಗಿಕೊಂಡಿದೆ ಎಂದು ನೆನಪಿಸುವವರೂ ಇದ್ದಾರೆ. ಆ ಶರತ್ಕಾಲದಲ್ಲಿ ಓಸುಮಿ ಏಳು ದಿನ ಒಂದು ಬಟ್ಟಲು ಗಂಜಿ ಹೆಚ್ಚು ಬೇಯಿಸಿದಳು, ಎಂಟನೆಯ ದಿನ ಬೇಯಿಸಲಿಲ್ಲ. ಅವಳ ದಪ್ಪನೆಯ ಅಂಗಿಯೊಂದು ಅಂದಿನಿಂದ ಮನೆಯಲ್ಲಿ ಕಾಣಲಿಲ್ಲ. ಗುಡ್ಡದಾಚೆ ಆ ಚಳಿಗಾಲವೆಲ್ಲ ನೂಲಿನ ರಾಟೆ ತಿರುಗಿತು. ಕಿಹೆಯಿಯ ವಂಶದವರನ್ನು ಕೇಳಿದರೆ ಚಹ ಕೊಡುತ್ತಾರೆ, ಉತ್ತರ ಕೊಡುವುದಿಲ್ಲ.

ಈಗ ಬಸ್ಸು ಬರುತ್ತದೆ. ಎಲೆ ಕೆಂಪಾದಾಗ ಪಟ್ಟಣದವರು ಬಂದು ಎರಡು ದಿನ ಇದ್ದು ಹೋಗುತ್ತಾರೆ. ಫಲಕ ಬಾಗಿಲಲ್ಲೇ ಇದೆ, ಅಕ್ಷರ ಮಾಸಿದೆ. ಆ ಆಜ್ಞೆಯನ್ನು ಯಾರೂ ರದ್ದು ಮಾಡಿಲ್ಲ. ಗೂಡಿನ ಮೇಲಿನ ಸಾಲಿನ ಕೊನೆಯಲ್ಲಿ ಒಂದು ಬುಟ್ಟಿಯಿದೆ. ಬಿದಿರು ಹಳತಾದಾಗ ಹೊಸದು ಹೆಣೆಯುತ್ತಾರೆ, ಅಂಗಿ ಹರಿದಾಗ ನೀಲಿ ಬಟ್ಟೆಯಲ್ಲಿ ಮತ್ತೊಂದು ಹೊಲಿದು ಮೊಣಕೈಗೆ ತೇಪೆ ಹಾಕಿ ಇಡುತ್ತಾರೆ. ಆ ಬುಟ್ಟಿಯನ್ನು ಯಾರೂ ಖಾಲಿ ಮಾಡಿಲ್ಲ. ಬಾಗಿಲು ಮುಚ್ಚಿಲ್ಲ.