ಕಸೂತಿ ಮನೆಯ ದೀಪ

“ಗುರುಗಳೇ, ಹೊಸಬರು ಬಂದ ಮೇಲೆ ನನ್ನ ಕಡೆ ನಿಮ್ಮ ಗಮನ ಕಡಿಮೆಯಾಗಿದೆ. ನಾನೇನು ತಪ್ಪು ಮಾಡಿದೆ?” ಎಂದು ಹಿರಿಯ ಶಿಷ್ಯ ಕೇಳಿದ.

ಬೆಳಗಿನಿಂದ ಪಾಠ ಹೇಳಿ ಗುರುಗಳಿಗೆ ದಣಿವಾಗಿತ್ತು. ಈ ಪ್ರಶ್ನೆಯೂ ಅವರಿಗೆ ಹೊಸದಲ್ಲ. ಗೋಡೆಗೆ ಒರಗಿ ಕೂತು ಹೇಳತೊಡಗಿದರು.

ಒಂದು ಕಸೂತಿ ಮನೆ. ಉದ್ದನೆಯ ಚೌಕಟ್ಟಿಗೆ ಸೀರೆ ಬಿಗಿದು ಹೆಂಗಸರು ಸುತ್ತ ಕೂತು ಹೂವು ಬಳ್ಳಿ ಹಾಕುತ್ತಿದ್ದರು. ಮೇಲೆ ಒಂದೇ ದೀಪ. ನಡುವೆ ಕೂತವಳಿಗೆ ಬೆಳಕು ಸುರಿಯುತ್ತಿತ್ತು. ಮೂಲೆಯವಳಿಗೆ ಕೈಯಲ್ಲಿದ್ದ ಸೂಜಿಯೇ ಸರಿಯಾಗಿ ಕಾಣದು, ಹೊಲಿಗೆ ತಪ್ಪುತ್ತಲೇ ಇತ್ತು. ಇನ್ನೊಂದು ಸೀರೆ ಕೆಟ್ಟರೆ ಕೆಲಸಕ್ಕೆ ಬರಬೇಡ ಎಂದು ಯಜಮಾನ ಹೇಳಿಬಿಟ್ಟ. ಸೂರು ತಗ್ಗಾಗಿದ್ದರಿಂದ ದೀಪವನ್ನು ಎತ್ತರಿಸುವಂತೆಯೂ ಇರಲಿಲ್ಲ. ಅವಳು ಮಸೂರ ಮಾಡುವವನ ಬಳಿಗೆ ಹೋದಳು.

“ಅಣ್ಣಾ, ನನ್ನ ಕೈ ಕೆಟ್ಟಿಲ್ಲ. ಬೆಳಕು ಸಿಗ್ತಿಲ್ಲ ಅಷ್ಟೇ. ಏನಾದ್ರೂ ಮಾಡಿಕೊಡು,” ಎಂದಳು.

ಅವನು ಬಂದ. ದೀಪದ ಕೆಳಗೆ ಒಬ್ಬೊಬ್ಬಳಿಗೂ ಒಂದೊಂದು ಪುಟ್ಟ ಮಸೂರ ಇಟ್ಟು ಬೆಳಕನ್ನು ಪಾಲು ಮಾಡಿದ. ಸೀರೆಯ ಮೇಲೆ ದುಂಡು ದುಂಡಾಗಿ ಬೆಳಕು ಬಿತ್ತು, ಸಂದಿಗಳಲ್ಲಿ ಕತ್ತಲೆ ಉಳಿಯಿತು. ಅಂಚಿನ ಮಸೂರಕ್ಕೆ ದೀಪದಿಂದ ಸಿಕ್ಕಿದ್ದೇ ಅಷ್ಟಿಷ್ಟು, ಅದು ಮೂಲೆಯವಳಿಗೆ ಕೊಡುವುದಾದರೂ ಏನು? ಅವನಿಗೂ ಸಾಕಾಗಿಹೋಯಿತು. ಆದರೂ ಮತ್ತೆ ಕೂತ. ಪುಟ್ಟ ಮಸೂರಗಳನ್ನೆಲ್ಲ ಚೌಕಟ್ಟಿನ ಆಕಾರಕ್ಕೇ ಉಜ್ಜಿ ಒತ್ತೊತ್ತಾಗಿ ಜೋಡಿಸಿ, ಅವುಗಳ ಕೆಳಗೆ ಒಂದು ದೊಡ್ಡ ಮಸೂರ ಇಟ್ಟ. ಈಗ ಪ್ರತಿಯೊಂದೂ ತನಗೆ ಸಿಕ್ಕಷ್ಟು ಬೆಳಕನ್ನು ಇಡೀ ಸೀರೆಯ ಮೇಲೆ ಹರಡಿತು. ಹೆಚ್ಚು ಸಿಕ್ಕಿದ್ದರ ಬೆಳಕೂ ಕಡಿಮೆ ಸಿಕ್ಕಿದ್ದರ ಬೆಳಕೂ ಒಂದರ ಮೇಲೊಂದು ಬಿದ್ದು, ಅಂಚಿನಿಂದ ಅಂಚಿಗೆ ಸಮವಾಯಿತು.

ಮೂಲೆಯವಳು ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲಕ್ಕೇ ಪೋಣಿಸಿದ ಸಂತೋಷಕ್ಕೆ ಅವಳಿಗೆ ಅಳು ಬಂತು.

ನಡುವಿನವಳಿಗೆ ಸಿಟ್ಟು ಬಂದಿತ್ತು. “ಏನಣ್ಣಾ, ನನ್ನ ಬೆಳಕು ಕಿತ್ಕೊಂಡ್ಬಿಟ್ಟೆಯಲ್ಲ. ಈ ಕತ್ತಲೇಲಿ ನಾನು ಹೆಂಗೆ ಹೊಲೀಲಿ?” ಎಂದಳು. ಹಾಗೆನ್ನುವಾಗಲೂ ಅವಳ ಕೈ ಓಡುತ್ತಲೇ ಇತ್ತು. ಒಂದು ಹೊಲಿಗೆಯೂ ತಪ್ಪಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದರು.

“ಅದಕ್ಕೆ ಅವನು ಏನೆಂದ?” ಎಂದು ಶಿಷ್ಯ ಕೇಳಿದ.

“ಅವನಿಗೆ ದಣಿವಾಗಿತ್ತು, ಮನೆಗೆ ಹೋದ. ನೀನು ಹೇಳಪ್ಪಾ, ನಿನಗೆ ಸೂಜಿ ಕಾಣುತ್ತಿದೆ ತಾನೇ?”